ಹಲಗೂರಿನಲ್ಲಿ ಸ್ಟಾರ್ಟ್ ಆಗದ ಕ್ರೂಸರ್

2022ರಲ್ಲಿ ನಾನು ಮಂಡ್ಯದ ಗುತ್ತಲಿನಲ್ಲಿ ಮೆಕ್ಯಾನಿಕ್. ಹಳೇ ಬೈಕ್ ಕೊಳ್ಳುವವರು ಪರೀಕ್ಷೆಗೆ ನನ್ನನ್ನು ಕರೆದೊಯ್ಯುತ್ತಿದ್ದರು. ಎಂಜಿನ್ ಸದ್ದಿನಲ್ಲೇ ಓನರ್ ಹೇಳುವ ಸುಳ್ಳು ಹಿಡಿಯುವವನು ಮಂಡ್ಯ, ಮದ್ದೂರು, ಮಳವಳ್ಳಿ ಮೂರಕ್ಕೂ ನಾನೊಬ್ಬನೇ. ಬೇರೆ ಮೆಕ್ಯಾನಿಕ್ಕುಗಳು ಒಪ್ಪಲಿಕ್ಕಿಲ್ಲ, ಹೊಟ್ಟೆಕಿಚ್ಚು.

ಆ ವರ್ಷ ಮಹೇಶ ಎಂಬ ಮೇಷ್ಟ್ರು ಹಲಗೂರಿನಲ್ಲೊಂದು ಕ್ರೂಸರ್ ನೋಡಿದ್ದರು. ಕ್ರೂಸರ್ ಎಂದರೆ ಕಾಲು ಮುಂದಕ್ಕೆ ಚಾಚಿ, ಜಗಲಿ ಮೇಲೆ ಕೂತ ಯಜಮಾನನ ಹಾಗೆ ಓಡಿಸುವ ಭಾರೀ ಬೈಕು. ಅದು ನಿಂಗೇಗೌಡರ ಮಗನದು. ಮಗ ಜಾಂಡೀಸ್ ಆಗಿ ತೀರಿಕೊಂಡು ವರ್ಷ ಕಳೆದಿತ್ತು. ತಮ್ಮ ಹೆಂಡತಿ ಜಯಮ್ಮ ಊಟ ಬಿಟ್ಟು ಗಾಡಿ ಪಕ್ಕದಲ್ಲೇ ಕೂತಿರುತ್ತಾರೆಂದು ಗೌಡರು ಅದನ್ನು ಮಾರಲು ಹೊರಟಿದ್ದರು. ಹೊಸ ಬ್ಯಾಟರಿ ಹಾಕಿಸಿದ್ದರೂ ಗಿರಾಕಿ ಬಂದಾಗಲೆಲ್ಲ ಗಾಡಿ ಸ್ಟಾರ್ಟ್ ಆಗುತ್ತಿರಲಿಲ್ಲ.

ಮೇಷ್ಟ್ರ ಜೊತೆ ಹೋಗಿ ಬಗ್ಗಿ ನೋಡಿದೆ. ಪ್ಲಗ್ ಕ್ಯಾಪ್, ಅಂದರೆ ಕಿಡಿ ಹೊತ್ತಿಸುವ ಪ್ಲಗ್ಗಿಗೆ ಕರೆಂಟು ಒಯ್ಯುವ ಟೋಪಿ, ಅರ್ಧ ಮೇಲೆದ್ದಿತ್ತು. ಅದು ತಾನಾಗಿ ಏಳುವುದಿಲ್ಲ. ಗೆಳೆಯರ ಸ್ಕೂಟರಿಗೆ ಹೀಗೆ ಮಾಡಿ ಮದುಮಗನನ್ನೇ ಛತ್ರದವರೆಗೆ ನಡೆಸಿದವನು ನಾನು. ಇಲ್ಲಿ ನನಗೊಬ್ಬ ಗುರು ಇದ್ದಾರಲ್ಲ ಎಂದು ಸುತ್ತ ನೋಡಿದರೆ, ಜಯಮ್ಮ ಕೈಗಂಟಿದ ಮಸಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದರು.

ಗೌಡರು ಮೇಷ್ಟ್ರಿಗೆ ಪೇಪರು ತೋರಿಸಲು ಒಳಗೆ ಹೋದರು. ನಾನು ರೇಗಿಸಿದೆ: "ಕೈಚಳಕ ಚೆನ್ನಾಗದೆ ಕಣವ್ವ, ನನ್ ಅಂಗ್ಡೀಗೆ ಬಂದ್ಬುಡು."

ಅವರು ನಗಲಿಲ್ಲ. "ಈ ಗಾಡಿ ಸದ್ದು ಕೇಳ್ತಿದ್ದಂಗೆ ಮುದ್ದೆಗೆ ಎಸ್ರು ಇಡ್ತಿದ್ದೆ ಕಣಣ್ಣ. ಈಗ ಇನ್ಯಾರ್ದೋ ಮನೆ ಮುಂದೆ ಓಗಿ ನಿಂತ್ಕತದಲ್ಲ."

ಎಂಜಿನ್ ಹೋಗಿದೆ ಎಂದು ಮೇಷ್ಟ್ರನ್ನು ನಂಬಿಸುವುದು ನನಗೆ ನೀರು ಕುಡಿದಷ್ಟು ಸುಲಭ. ಹಾಗೇ ಮಾಡ್ತೀನಿ ಎನ್ನಲು ಬಾಯಿಯನ್ನೂ ತೆರೆದೆ. ಅಷ್ಟರಲ್ಲಿ ಜಯಮ್ಮ ಸೆರಗು ಸರಿಮಾಡಿಕೊಳ್ಳಲು ಕೈಯೆತ್ತಿದರು. ಬಳೆಗಳು ಮೊಣಕೈವರೆಗೆ ಜಾರಿದವು. ಅಷ್ಟು ಸೊರಗಿದ್ದರು.

"ಗೌಡ್ರು ಯೋಳೋದೇ ಸರಿ ಕಣವ್ವ. ನೀನ್ ಉಳ್ಕಬೇಕಲ್ಲ" ಎಂದೆ.

ಜಯಮ್ಮ ಬಗ್ಗಿ, ಕ್ಯಾಪನ್ನು ತಾವೇ ಒತ್ತಿ ಕೂರಿಸಿದರು. "ಆ ಮೇಷ್ಟ್ರುಗೆ ಯೋಳು, ಮಳೇಲಿ ನಿಲ್ಲುಸ್ಬ್ಯಾಡ ಅಂತ."

ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಮೇಷ್ಟ್ರು ದುಡ್ಡು ಕೊಟ್ಟು, ಹತ್ತಿ ಹೊರಟರು. ಜಯಮ್ಮ ಗೇಟು ಹಿಡಿದು ಗಟ್ಟಿಯಾಗಿ ನಿಂತರು. ಮಾರಲೇಬೇಕೆಂದು ಹಟ ಹಿಡಿದಿದ್ದ ಗೌಡರೇ, ಸದ್ದು ದೂರವಾಗುತ್ತಿದ್ದಂತೆ ಬೀದಿಯಲ್ಲಿ ಕುಸಿದು ಕೂತು, ಮಗನ ಹೆಸರು ಹಿಡಿದು ಅತ್ತರು. ಜಯಮ್ಮ ಹೋಗಿ ಅವರ ರಟ್ಟೆ ಹಿಡಿದರು. "ಏಳಿ. ಒಂದ್ ತುತ್ತು ಉಣ್ಣಣ ಬನ್ನಿ."

ಅಂದಿನಿಂದ, ತೀರಿಹೋದವರ ಗಾಡಿಯನ್ನು ನಾನು ಮನೆ ಮುಂದೆ ಸ್ಟಾರ್ಟ್ ಮಾಡಿಸುವುದಿಲ್ಲ. ತಳ್ಳಿಸಿಕೊಂಡು ಬೀದಿಯ ತಿರುವು ದಾಟಿದ ಮೇಲೆಯೇ ಕೀ ಕೊಡುತ್ತೇನೆ. ಮುದುಕನದು ಮತ್ತೇನೋ ಕುಚೇಷ್ಟೆ ಎಂದು ಗಿರಾಕಿಗಳು ನನ್ನನ್ನು ನೋಡಿ ನಗುತ್ತಾರೆ. ನಗಲಿ, ತಳ್ಳುವವರು ಅವರೇ ತಾನೆ.