ತೋಪಿನ ಹವಾಲ್ದಾರರು

ನ್ಯಾಮತಿ ಸಂತೆಯಲ್ಲಿ ಕರಿಬಸಮ್ಮನ ಗುಜರಿ ಅಂಗಡಿಗೆ ಮಿಲಿಟರಿಯ ಹಳೆಯ ಸಾಮಾನು ಬಂತೆಂದರೆ, ನಿವೃತ್ತ ಹವಾಲ್ದಾರ್ ತಿಪ್ಪೇರುದ್ರಪ್ಪನವರು ವಾಸನೆ ಹಿಡಿದಂತೆ ಬಂದುಬಿಡುತ್ತಾರೆ. ತೋಪಿನ ಸದ್ದಿಗೆ ಒಂದು ಕಿವಿ ಹೋಗಿರುವುದರಿಂದ ಅವರು ಗುಟ್ಟು ಹೇಳಿದರೂ ಇಡೀ ಸಂತೆಗೆ ಕೇಳುತ್ತದೆ. "ಹೂದಾನಿ ಅಲ್ರೀ ಇದು, ತೋಪಿನ ಶೆಲ್ಲಿನ ಕೇಸು!" ಎಂದು ಗುಂಡು ಹಾರಿಹೋದ ಹಿತ್ತಾಳೆಯ ಖಾಲಿ ಕೊಳವೆಯನ್ನು ಗಿರಾಕಿಯ ಕೈಯಿಂದಲೇ ಕಿತ್ತುಕೊಳ್ಳುತ್ತಾರೆ. ತೋಪಿನ ನಳಿಗೆ ಉಜ್ಜುವ ಬ್ರಷ್ಷನ್ನು ನೀರಿನ ತೊಟ್ಟಿ ತಿಕ್ಕಲು ಕೊಂಡವರಿಂದ ಅದಕ್ಕೊಂದು ಸಲ್ಯೂಟ್ ಹೊಡೆಸಿಯೇ ಕಳಿಸುತ್ತಾರೆ. "ಇವ್ರು ಬಂದ್ರೆ ನನ್ನ ವ್ಯಾಪಾರ ಮುಗೀತು" ಎಂದು ಗೊಣಗುವ ಕರಿಬಸಮ್ಮನೇ ಅವರಿಗೆ ಚಹಾ ತರಿಸುತ್ತಾಳೆ. ಕಳೆದ ಸಂತೆಯ ದಿನ ರಾಶಿಯೊಳಗಿಂದ ಮರದ ಹಿಡಿ, ಕಬ್ಬಿಣದ ಕೊಕ್ಕೆ ಇದ್ದ ಹಗ್ಗವೊಂದು ಸಿಕ್ಕಿತು. "ಇದೇನ್ರೀ ಹವಾಲ್ದಾರ್ರೇ? ಕರು ಕಟ್ಟಾಕೆ ಚೆನ್ನಾಗೈತೆ," ಎಂದಳು. ಅವರು ಅದನ್ನು ಮುಟ್ಟಲಿಲ್ಲ. "ತೋಪು ಹಾರ್ಸೋ ಹಗ್ಗ ಕಣವ್ವ. ಇದನ್ನ ಎಳೆಯೋದೇ ನನ್ನ ಕೆಲಸ ಆಗಿತ್ತು. ಗುಂಡು ಗುಡ್ಡದಾಚೆ ಬೀಳ್ತಿತ್ತು. ಅಲ್ಲಿ ಯಾರಿದ್ರೋ, ನಾನು ನೋಡಿಲ್ಲ." ಅಷ್ಟರಲ್ಲಿ ರೈತನೊಬ್ಬ ಬಂದು ಹಗ್ಗ ಗಟ್ಟಿಯಿದೆಯೇ ಎಂದು ಜಗ್ಗಿ ನೋಡಿದ. ತಿಪ್ಪೇರುದ್ರಪ್ಪನವರು ಕಣ್ಣು ಮುಚ್ಚಿಕೊಂಡರು. ಕರಿಬಸಮ್ಮ ಹಗ್ಗವನ್ನು ಮೆಲ್ಲಗೆ ಅವನ ಕೈಯಿಂದ ಬಿಡಿಸಿಕೊಂಡಳು. "ಬ್ಯಾರೆ ಕೊಡ್ತೀನಿ ತಗೊಳ್ರಿ," ಎಂದಳು, "ಇದು ಮಾರಾಕಲ್ಲ."