ಅರವತ್ತೆಂಟು ಡಿಗ್ರಿಯ ಜನವರಿ

ಎಪ್ಪತ್ತರ ದಶಕದ ಆರಂಭದಲ್ಲಿ ಅಮೆರಿಕದ ಸಮರ್‌ಸೆಟ್‌ನ ಒಂದು ಸಣ್ಣ ಸರ್ವೆ ಆಫೀಸಿನಲ್ಲಿ ನಾನು ಲೆಕ್ಕ ಮಾಡುವ ಕೆಲಸಕ್ಕೆ ಸೇರಿದೆ. ಮೂರು ತಿಂಗಳು ಪ್ರೊಬೇಷನ್. ಗಂಡಸರು ಉಕ್ಕಿನ ಟೇಪು ಹಿಡಿದು ಅಳೆದು ತಂದ ದೂರಗಳನ್ನು ನಾನು ನಕ್ಷೆಯ ಮೇಲೆ ಜಾಗ ಗುರುತಿಸುವ ಅಂಕಿಗಳಾಗಿ, ಅಂದರೆ ಕೋಆರ್ಡಿನೇಟುಗಳಾಗಿ ಮಾಡಿ, ಹಾಳೆಯ ಕೆಳಗೆ ‘ಕಂಪ್ಯೂಟೆಡ್ ಬೈ’ ಎಂಬಲ್ಲಿ ಇನಿಷಿಯಲ್ಸ್ ಹಾಕಬೇಕು. ಮೈಸೂರಿನ ಕಾನ್ವೆಂಟ್ ಸಿಸ್ಟರುಗಳು ತಿದ್ದಿಸಿದ ನೀಟ್ ಹ್ಯಾಂಡ್‌ರೈಟಿಂಗ್ ನೋಡಿಯೇ ನನ್ನನ್ನು ತೆಗೆದುಕೊಂಡರೆಂದು ಈಗಲೂ ಅನುಮಾನ.

ಆ ಜನವರಿಯಲ್ಲಿ ಒಂದು ಹಳೆಯ ಫಾರ್ಮ್ ಅಳೆದು ತಂದರು. ಹೊರಟ ಜಾಗಕ್ಕೇ ಸುತ್ತಿಬಂದ ಅಳತೆ ಬ್ಯೂಟಿಫುಲ್ ಆಗಿ ಕೂಡಿಕೊಂಡಿತು. ಆದರೆ ಜಮೀನಿನ ಎರಡು ತುದಿಗಳಲ್ಲಿ ಸ್ಟೇಟ್ ಸರ್ಕಾರದವರು ನೆಟ್ಟ ಸರ್ವೆ ಕಲ್ಲುಗಳಿದ್ದವು. ಅವುಗಳ ಕೋಆರ್ಡಿನೇಟ್ ಮೊದಲೇ ಗೊತ್ತು. ನಡುವಿನ ಎರಡು ಸಾವಿರ ಅಡಿಯಲ್ಲಿ ನಮ್ಮ ಅಳತೆ ಏಳಿಂಚು ಹೆಚ್ಚು.

“ಲೂಪ್ ಕ್ಲೋಸ್ ಆಗಿದೆ ತಾನೇ, ಯಂಗ್ ಲೇಡಿ? ನಿನ್ನ ಕೂಡೋದು ಕಳೆಯೋದು ನೋಡ್ಕೋ,” ಎಂದ ಅಳೆಯುವವರ ಮುಖಂಡ, ಕ್ರೂ ಚೀಫ್.

“ಏಳಿಂಚನ್ನ ಎಲ್ಲಾ ಲೈನಿಗೂ ಹಂಚಿಬಿಡು,” ಎಂದರು ಬಾಸ್.

“ಕಾರಣ ಗೊತ್ತಾಗದೆ ಇನಿಷಿಯಲ್ಸ್ ಹಾಕಲ್ಲ, ಸರ್.”

“ಶುಕ್ರವಾರದೊಳಗೆ ಹಾಕು. ಇಲ್ಲಾಂದ್ರೆ ಹಾಕೋರನ್ನ ಹುಡುಕ್ತೀನಿ.”

ಆಗ ಪಿಸ್ಕಾಟವೇಯಲ್ಲಿ ಪಿಎಚ್‌ಡಿ ಮಾಡುತ್ತಿದ್ದ ನನ್ನ ಯಜಮಾನರು ಮರುದಿನ ಬೆಳಿಗ್ಗೆ ಡ್ರಾಪ್ ಮಾಡುವಾಗ ದಾರಿಯುದ್ದಕ್ಕೂ ಗೊಣಗಿದರು. “ನಿನಗ್ಯಾಕೇ ಈ ಉಸಾಬರಿ? ಏಳಿಂಚು ನಿಮ್ಮಪ್ಪನ ಮನೇದಾ?”

“ಹಾಳೆ ಮೇಲೆ ಬರೋದು ನನ್ನ ಹೆಸರು, ರೀ.”

ಸಿಗ್ನಲ್ಲಿನಲ್ಲಿ ಕಾರು ನಿಂತಿತು. ಎದುರಿನ ಬ್ಯಾಂಕಿನ ಬೋರ್ಡಿನಲ್ಲಿ ಇಪ್ಪತ್ತು ಡಿಗ್ರಿ ಎಂದಿತ್ತು. ಅಲ್ಲಿನ ಲೆಕ್ಕ ಫ್ಯಾರನ್‌ಹೀಟ್, ಮೂವತ್ತೆರಡಕ್ಕೇ ನೀರು ಹೆಪ್ಪುಗಟ್ಟುತ್ತದೆ. ಫೀಲ್ಡ್‌ಬುಕ್ಕಿನ ಪುಟಪುಟದಲ್ಲೂ ಅಳೆಯುವಾಗಿನ ಟೆಂಪರೇಚರ್ ಎಂದು ಬರೆದದ್ದು ಅರವತ್ತೆಂಟು, ಅರವತ್ತೇಳು. ನಮ್ಮ ಅಪಾರ್ಟ್‌ಮೆಂಟಿನ ಹೀಟೂ ಅರವತ್ತೆಂಟೇ. ಮೈಸೂರಿನವಳಿಗೆ ಅದೇ ಸಾಕಷ್ಟು ಚಳಿ. ಹಾಗಾಗಿ ಆ ಅಂಕಿ ಕಣ್ಣಿಗೆ ಚುಚ್ಚಿರಲೇ ಇಲ್ಲ.

ಟೇಪಿನ ಅಳತೆ ಸರಿಯಿರುವುದು ಅರವತ್ತೆಂಟರಲ್ಲಿ. ಚಳಿಗೆ ಉಕ್ಕು ಕುಗ್ಗುತ್ತದೆ, ಕುಗ್ಗಿದ ಟೇಪು ದೂರವನ್ನು ಹೆಚ್ಚಾಗಿ ತೋರಿಸುತ್ತದೆ. ಬುಕ್ಕಿನಲ್ಲಿ ಅರವತ್ತೆಂಟು ಎಂದಿದ್ದರಿಂದ ಅದಕ್ಕಾಗಿ ನಾನು ಏನನ್ನೂ ಕಳೆದಿರಲಿಲ್ಲ. ಲೆಕ್ಕದಲ್ಲಿ ಎಲ್ಲ ಬದಿಗಳೂ ಒಂದೇ ಪ್ರಮಾಣದಲ್ಲಿ ಹಿಗ್ಗಿದ್ದರಿಂದ ಸುತ್ತು ಚೆನ್ನಾಗಿಯೇ ಕೂಡಿಕೊಂಡಿತ್ತು. ತಪ್ಪನ್ನು ಹೇಳಲು ಹೊರಗಿನ ಆ ಎರಡು ಕಲ್ಲುಗಳೇ ಬೇಕಾದವು.

“ಥರ್ಮಾಮೀಟರ್ ಎಲ್ಲಿಟ್ಟಿದ್ರಿ?” ಚೀಫನನ್ನು ಕೇಳಿದೆ.

“ಟ್ರಕ್ಕಿನ ಡ್ಯಾಶ್‌ಬೋರ್ಡ್ ಮೇಲೆ. ಇನ್ನೆಲ್ಲಿಡ್ಲಿ, ಬಾಯಲ್ಲಾ?”

“ಹೀಟರ್ ಹಾಕಿತ್ತಾ?”

ಅವನು ಸಿಗರೇಟು ಆರಿಸಿದ. “ಅಷ್ಟು ಡೌಟಿದ್ರೆ ನೀನೇ ಬಾ. ಸ್ನೋ ಮೊಣಕಾಲಿಗೆ ಬರುತ್ತೆ.”

ಗುರುವಾರ ನಾನು ಯಜಮಾನರ ಕಾರ್ಡುರಾಯ್ ಪ್ಯಾಂಟನ್ನು ಸೊಂಟಕ್ಕೆ ಸೇಫ್ಟಿಪಿನ್ ಹಾಕಿ ಬಿಗಿದುಕೊಂಡು ಹೋದೆ. ಥರ್ಮಾಮೀಟರನ್ನು ಟೇಪಿಗೇ ರಬ್ಬರ್‌ಬ್ಯಾಂಡಿನಿಂದ ಕಟ್ಟಿ, ನೂರು ನೂರು ಅಡಿಗೂ ಓದಿ ಹೇಳುತ್ತಾ ಕಲ್ಲಿನಿಂದ ಕಲ್ಲಿಗೆ ನಡೆದೆ. ಎರಡು ಸಲ ಬಿದ್ದೆ. ಚೀಫ್ ನಗಲಿಲ್ಲ, ಕೈಯನ್ನೂ ಕೊಡಲಿಲ್ಲ. ನಾನು ಏಳುವವರೆಗೆ ಟೇಪನ್ನು ಬಿಗಿಯಾಗಿ ಹಿಡಿದು ನಿಂತಿದ್ದ. ಆ ನಿಲುವು ಮಾತ್ರ ಇಷ್ಟು ವರ್ಷವಾದರೂ ಕಣ್ಣಿಗೆ ಕಟ್ಟಿದಂತಿದೆ.

ಟ್ರಕ್ಕಿನ ಬಾನೆಟ್ ಮೇಲೆ ಪುಸ್ತಕವಿಟ್ಟು ಲೆಕ್ಕ ಮಾಡಿದೆ. ಚಳಿಯ ಪಾಲು ಕಳೆದಾಗ ಏಳಿಂಚು ಹೋಗಿ ಅರ್ಧ ಇಂಚು ಉಳಿಯಿತು. ಅವನು ಎರಡು ಸಲ ತಾಳೆ ನೋಡಿ, ತನ್ನ ಪೆನ್ಸಿಲ್ ಚಾಚಿದ.

“ಈಗಾದ್ರೂ ಇನಿಷಿಯಲ್ಸ್ ಹಾಕು, ಮಹಾತಾಯಿ. ಕಾಲು ಮರಗಟ್ಟಿದೆ.”

ಹಾಕಿದೆ. ಸಿಸ್ಟರುಗಳು ನೋಡಿದ್ದರೆ ಇನ್ನೊಮ್ಮೆ ಬರಿ ಎನ್ನುತ್ತಿದ್ದರು, ಅಷ್ಟು ಸೊಟ್ಟ ಅಕ್ಷರ. ಪಕ್ಕದ ಕಾಲಮ್ಮಿನಲ್ಲಿ ಅವನು ತನ್ನ ಕೈಯಾರೆ ಟೆಂಪರೇಚರ್ ಬರೆದ: ಹತ್ತೊಂಬತ್ತು.