ರಸ್ತೆ ದಾಟಲಾರದ ಅಕ್ಕ

ಅಕ್ಕನಿಗೆ ರಸ್ತೆ ದಾಟಲು ಬರುತ್ತಿರಲಿಲ್ಲ. ರಾಮನಗರದ ಬಸ್ ಸ್ಟ್ಯಾಂಡಿನ ಎದುರು, ನಾನು ಅವಳಿಗಿಂತ ಚಿಕ್ಕವಳು ಅನ್ನುವುದನ್ನೂ ಮರೆತು, ನನ್ನ ಕೈ ಹಿಡಿದುಕೊಂಡು ನಿಲ್ಲುತ್ತಿದ್ದಳು. ದೂರದಲ್ಲಿ ಲಾರಿಯೊಂದು ಕಂಡರೂ ಸಾಕು, ಅದು ಹೋಗಲಿ ಅನ್ನುತ್ತಿದ್ದಳು. ಅದು ಹೋಗುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು. ನನಗೆ ರೇಗಿಹೋಗಿ ಅವಳನ್ನು ದರದರ ಎಳೆದುಕೊಂಡೇ ದಾಟುತ್ತಿದ್ದೆ. ಅಂಥವಳು ಸತ್ತದ್ದು ರಸ್ತೆ ದಾಟುವಾಗ ಅಲ್ಲ. ಬಿಡದಿ ಕಡೆಯ ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಹೋಗುವ ವ್ಯಾನಿನಲ್ಲಿ, ಬೆಳಗಿನ ಹೊತ್ತು, ತನ್ನ ಪಾಡಿಗೆ ತಾನು ಕೂತಿದ್ದಾಗ. ಎದುರಿನಿಂದ ಬಂದ ಟಿಪ್ಪರ್ ಅವಳು ಕೂತಿದ್ದ ಬದಿಗೇ ಗುದ್ದಿತು. ಕಿಟಕಿ ಪಕ್ಕದ ಸೀಟು ಅವಳದು. ಅದನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ನಮ್ಮದು ಕೂಟಗಲ್ ಹತ್ತಿರದ ಊರು. ಅಪ್ಪನಿಗೆ ಒಂದಿಷ್ಟು ರಾಗಿ ಹೊಲ, ಒಂದಿಷ್ಟು ಹಿಪ್ಪುನೇರಳೆ ತೋಟ, ಮನೆಯ ಒಂದು ಭಾಗದಲ್ಲಿ ರೇಷ್ಮೆ ಹುಳ. ಅಕ್ಕನಿಗೆ ಹುಳದ ವಾಸನೆ ಆಗುತ್ತಿರಲಿಲ್ಲ. ಆ ವರ್ಷಗಳಲ್ಲಿ ಬಿಡದಿಯ ಸುತ್ತ ಹೊಲಗಳಲ್ಲಿ ಒಂದೊಂದೇ ಶೆಡ್ಡು ಎದ್ದು, ಊರೂರಿನ ಹೆಣ್ಣುಮಕ್ಕಳನ್ನು ತುಂಬಿಕೊಂಡು ಹೋಗಲು ವ್ಯಾನುಗಳು ಬರತೊಡಗಿದಾಗ, ಮೊದಲು ಹೆಸರು ಕೊಟ್ಟವಳು ಇವಳೇ. ಶರ್ಟಿನ ಕಾಲರ್ ಹೊಲಿಯುವುದು ಅವಳ ಕೆಲಸ. ದಿನವಿಡೀ ಬರೀ ಕಾಲರ್. ಮನೆಗೆ ಬಂದು ನಮ್ಮೆಲ್ಲರ ಕತ್ತನ್ನು ಒಂದು ಥರಾ ನೋಡುತ್ತಿದ್ದಳು.

ಅವಳು ಹೋದಮೇಲೆ ನಮಗೆ ಸಮಾಧಾನ ಹೇಳಲು ಬಂದವರಿಗೆ ಲೆಕ್ಕವಿಲ್ಲ. ಒಬ್ಬರು ಪೂರ್ವಜನ್ಮದ ಕರ್ಮ ಅಂದರು. ಇನ್ನೊಬ್ಬರು ದೇವರಿಗೆ ಒಳ್ಳೆಯವರೇ ಬೇಕು ಅಂದರು; ಹಾಗಾದರೆ ನೀವಿನ್ನೂ ಇಲ್ಲೇ ಇದ್ದೀರಲ್ಲ ಅಂತ ಕೇಳಬೇಕೆನ್ನಿಸಿತು, ಕೇಳಲಿಲ್ಲ. ಒಬ್ಬರು ಮನೆಯ ಬಾಗಿಲು ತಪ್ಪು ದಿಕ್ಕಿಗಿದೆ ಅಂದರು. ಅಪ್ಪ ಅವರಿವರು ಹೇಳಿದ್ದನ್ನೆಲ್ಲ ಮಾಡಿದ. ಒಂದು ವಾರ ಬಾಗಿಲು ಒಡೆಸಿ ತಿರುಗಿಸುವ ಮಾತೂ ನಡೆಯಿತು. ನಾನು ಒಂದು ದಿನ ದೇವರ ಮುಂದೆ ಕೂತು ಅಳುತ್ತಿದ್ದೆ, ಮರುದಿನ ದೇವರ ಫೋಟೋ ಕಡೆ ಮುಖ ಹಾಕದೆ ಓಡಾಡುತ್ತಿದ್ದೆ. ಯಾರ ಮಾತು ಹಿಡಿಯಬೇಕು, ಯಾರದು ಬಿಡಬೇಕು, ಒಂದೂ ತಿಳಿಯುತ್ತಿರಲಿಲ್ಲ. ತಲೆ ಕೆಟ್ಟುಹೋಗಿತ್ತು.

ಅವ್ವನಿಗೆ ಮಾತ್ರ ಒಂದೇ ಯೋಚನೆ. ಅವಳು ಮುದ್ದೆ ಮುರಿದು ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದಳು. ಹುಳಕ್ಕೆ ಸೊಪ್ಪು ಹಾಕುವುದನ್ನೂ ನಿಲ್ಲಿಸಿದಳು. ಮೈಯಲ್ಲಿ ಮೂಳೆ ಬಿಟ್ಟರೆ ಏನೂ ಉಳಿದಿರಲಿಲ್ಲ. ಕೇಳಿದರೆ, ಮಗಳು ಇನ್ನೂ ಆ ರಸ್ತೆಯ ಪಕ್ಕದಲ್ಲೇ ನಿಂತಿದ್ದಾಳೆ ಅನ್ನುತ್ತಿದ್ದಳು. ಅದೇ ಹೊತ್ತಿಗೆ ಮೈಸೂರು ರಸ್ತೆಯನ್ನು ಅಗಲ ಮಾಡಲು ಶುರುಮಾಡಿದ್ದರು. ಮರಗಳನ್ನು ಕಡಿದು, ಎರಡು ಕಡೆಗೂ ಮಣ್ಣು ಸುರಿದು, ನಡುವೆ ಡಿವೈಡರ್ ಕಟ್ಟುತ್ತಾರಂತೆ ಅಂತ ಯಾರೋ ಹೇಳಿದ್ದು ಅವಳ ಕಿವಿಗೆ ಬಿತ್ತು.

"ಸಣ್ಣ ರಸ್ತೇನೇ ದಾಟ್ತಿರ್ನಿಲ್ಲ ನನ್ ಮಗ. ಅಷ್ಟಗ್ಲ ಮಾಡ್ಬುಟ್ರೆ ಹೆಂಗ್ ದಾಟ್ಕಂಡ್ ಬತ್ತಾಳೆ?" ಅಂದಳು.

ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಸತ್ತವರಿಗೆ ಲಾರಿಯ ಭಯ ಎಲ್ಲಿಯದು ಅಂತ ಹೇಳಲು ಬಾಯಿ ತೆರೆದೆ. ಆದರೆ ಅವಳು ಹೇಳಿದ ಕೂಡಲೇ ನನ್ನ ಕಣ್ಣಿಗೂ ಅಕ್ಕ ಕಂಡಿದ್ದಳು: ಊಟದ ಡಬ್ಬಿಯ ಚೀಲ ಎದೆಗೆ ಅವಚಿಕೊಂಡು, ಒಂದು ಕಾಲು ಮುಂದಿಟ್ಟು, ಮತ್ತೆ ಹಿಂದಕ್ಕೆ ಎಳೆದುಕೊಳ್ಳುತ್ತ.

ಕುದೂರಿನಿಂದ ಬಂದ ನಮ್ಮ ಸೋದರತ್ತೆ ಇದಕ್ಕೊಂದು ದಾರಿ ಹೇಳಿದಳು. ದಾರಿಯಲ್ಲಿ ಹೋದ ಜೀವ ದಾರಿಯಲ್ಲೇ ಇರುತ್ತದೆ, ಮನೆಯವರು ಹೋಗಿ ಕರೆದರೆ ಬರುತ್ತದೆ. ಸತ್ತ ಜಾಗದಲ್ಲಿ ಹಾಲು ಬಿಟ್ಟು, ಹೆಸರು ಹಿಡಿದು ಕರೆದು, ಅಲ್ಲಿಯ ಒಂದು ಕಲ್ಲನ್ನು ಅರಿಶಿನದ ಬಟ್ಟೆಯಲ್ಲಿ ಸುತ್ತಿಕೊಂಡು ಬಂದು ಮನೆಯ ಗೋಡೆಯ ಗೂಡಿನಲ್ಲಿಡಬೇಕು. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ಮೊದಲೇ ಇದು ಆಗಬೇಕು. ಇಲ್ಲದಿದ್ದರೆ ಮನೆಗೆ ಬರದ ಜೀವ ಎಡೆಗೂ ಬರುವುದಿಲ್ಲ. ಅತ್ತೆ ಇದನ್ನು ಎಷ್ಟು ಖಂಡಿತವಾಗಿ ಹೇಳಿದಳೆಂದರೆ, ನಾನು ಮೂಗು ಮುರಿದರೂ ಹಾಲಿನ ಚೊಂಬು ಹಿಡಿದುಕೊಂಡು ಹೊರಟೆ.

ಆ ಜಾಗ ಕಣ್ಣಾರೆ ಕಂಡಿದ್ದು ಅಪ್ಪನೊಬ್ಬನೇ. ಅಪಘಾತದ ದಿನ ಪೊಲೀಸರು ಜೀಪಿನಲ್ಲಿ ಅವನನ್ನು ಅಲ್ಲಿಗೆ ಕರೆದೊಯ್ದಿದ್ದರು. ಹುಣಸೆ ಮರದ ಬುಡದಲ್ಲಿ ಆಗಿದ್ದು ಅಂತ ಆಗಾಗ ಹೇಳುತ್ತಿದ್ದ. ನಾವು ಬಸ್ಸಿಳಿದು ನೋಡಿದರೆ ಹುಣಸೆ ಮರವೂ ಇಲ್ಲ, ಯಾವ ಮರವೂ ಇಲ್ಲ. ಉದ್ದಕ್ಕೂ ಕೆಂಪು ಮಣ್ಣು, ಜಲ್ಲಿಯ ರಾಶಿ, ಅಲ್ಲಲ್ಲಿ ಕಡಿದ ಮರಗಳ ಬೊಡ್ಡೆಗಳು. ಅಪ್ಪ ಮುಂದೆ ಹೋದ, ಹಿಂದೆ ಬಂದ. ಅವ್ವ ಸೆರಗು ಬಾಯಿಗೆ ಹಿಡಿದು ಅವನನ್ನೇ ನೋಡುತ್ತ ನಿಂತಿದ್ದಳು. ಕೊನೆಗೆ ಅವನು ಒಂದು ಬೊಡ್ಡೆಯ ಹತ್ತಿರ ನಿಂತು, ಇಲ್ಲೇ ಅಂದ. ಅವ್ವ ಕೂತು ಹಾಲು ಬಿಟ್ಟಳು, ಹೆಸರು ಹಿಡಿದು ಕರೆದಳು, ನಡಿ ಮಗ ಮನೆಗೆ ಅಂದಳು. ಬೊಡ್ಡೆಯ ಪಕ್ಕದಲ್ಲಿದ್ದ ಒಂದು ಕಲ್ಲನ್ನು ಮಡಿಲಿಗೆ ಹಾಕಿಕೊಂಡಳು. ರಸ್ತೆ ಕೆಲಸದವರು ಕೈ ನಿಲ್ಲಿಸಿ ಸುಮ್ಮನೆ ನಿಂತರು. ಅವರಲ್ಲೊಬ್ಬ ಟೋಪಿ ತೆಗೆದ.

ಆ ಕಲ್ಲು ಗೂಡಿಗೆ ಬಂದ ದಿನದಿಂದ ಅವ್ವ ಊಟ ಮಾಡತೊಡಗಿದಳು. ಮತ್ತೆ ಹುಳದ ಮನೆಗೆ ಹೋದಳು, ಸೊಪ್ಪು ಕೊಯ್ದಳು, ನನ್ನನ್ನು ಬೈದಳು. ಬೈದ ದಿನ ನನಗೆ ಎಷ್ಟು ಖುಷಿಯಾಯಿತೆಂದರೆ ಇನ್ನೊಂದು ಸಲ ಬೈಸಿಕೊಳ್ಳಲು ಬೇಕೆಂದೇ ಹಾಲು ಉಕ್ಕಿಸಿದೆ. ಬೆಳಿಗ್ಗೆ ಎದ್ದ ಕೂಡಲೇ ಅವಳು ಗೂಡಿನ ಮುಂದೆ ನಿಂತು ಮನೆಯ ಸುದ್ದಿಯನ್ನೆಲ್ಲ ಕಲ್ಲಿಗೆ ಹೇಳುತ್ತಿದ್ದಳು. ನನಗೆ ಅದು ಬರೀ ಕಲ್ಲು. ಆದರೂ ಬಿಡದಿಯಲ್ಲಿ ಹೊಸದಾಗಿ ಶುರುವಾಗಿದ್ದ ಸ್ಕೂಲಿನಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುವ ಕೆಲಸ ಸಿಕ್ಕಿದಾಗ, ಅವ್ವನಿಗಿಂತ ಮೊದಲು ಗೂಡಿನ ಹತ್ತಿರ ಹೋಗಿ ಹೇಳಿದೆ. ಯಾಕೆ ಹೇಳಿದೆನೋ.

ಮಹಾಲಯ ಅಮಾವಾಸ್ಯೆಯ ದಿನ ಅಕ್ಕನ ಜೊತೆಗೆ ವ್ಯಾನಿನಲ್ಲಿ ಹೋಗುತ್ತಿದ್ದ ಗೆಳತಿ ನಮ್ಮ ಮನೆಗೆ ಬಂದಳು. ಆವತ್ತು ಪಕ್ಕದ ಸೀಟಿನಲ್ಲೇ ಇದ್ದು ಬದುಕಿದವಳು. ಕಾಲು ಒಂದಷ್ಟು ಎಳೆಯುತ್ತಿತ್ತು. ಎಡೆಗೆ ಮಾಂಸದ ಸಾರು, ವಡೆ, ಹೊಸ ಸೀರೆ, ಬಸ್ ಸ್ಟ್ಯಾಂಡ್ ಬೇಕರಿಯಿಂದ ಅಕ್ಕನಿಗೆ ಇಷ್ಟದ ದಿಲ್‌ಪಸಂದ್, ಎಲ್ಲ ಸಿದ್ಧವಾಗಿತ್ತು. ಗೂಡಿನ ಕಲ್ಲನ್ನು ನೋಡಿ ಅವಳು ಇದೇನೆಂದು ಕೇಳಿದಳು. ಅವ್ವ ಹೆಮ್ಮೆಯಿಂದಲೇ ಎಲ್ಲ ಹೇಳಿದಳು: ಬಸ್ಸಿಳಿದದ್ದು ಎಲ್ಲಿ, ಬೊಡ್ಡೆ ಇದ್ದದ್ದು ಎಲ್ಲಿ.

ಆ ಹುಡುಗಿಗೆ ಕಪಟ ಗೊತ್ತಿಲ್ಲ. "ಅಲ್ಲಲ್ಲ ಕಣಮ್ಮ ಆಗಿದ್ದು. ಸೇತುವೆ ದಾಟಿದ್ ಮೇಲೆ. ಈಗ ಅಲ್ಲಿ ಡಿವೈಡರ್ ಕಟ್ಟವ್ರೆ," ಅಂದಳು.

ಹುಡುಗಿ ನಮ್ಮ ಮುಖ ನೋಡಿ ತಾನೇನೋ ತಪ್ಪು ಆಡಿದೆ ಅಂದುಕೊಂಡು ತಲೆ ತಗ್ಗಿಸಿದಳು. ನಾವೆಲ್ಲ ಅಪ್ಪನ ಕಡೆ ತಿರುಗಿದೆವು. ಅಪ್ಪ ಕಂಬಕ್ಕೆ ಒರಗಿ ಕೂತಿದ್ದವನು ಎದ್ದು ನಿಂತ.

"ನಂಗೂ ಗೊತ್ತಾಗ್ನಿಲ್ಲ ಕಣೆ. ಆವತ್ತು ನಂಗೆ ಮರ ಕಂಡ್ತೋ, ಏನ್ ಕಂಡ್ತೋ. ಹಾಲ್ ಬಿಡಕ್ ಹೋದಾಗ ನೀನು ನನ್ ಮಕ ನೋಡ್ತಾ ನಿಂತ್ಕಂಡಿದ್ದೆ. ಎಲ್ಲಾರಾ ಒಂದ್ ಕಡೆ ತೋರ್ಸ್ಬೇಕಿತ್ತಲ್ಲ," ಅಂದ.

ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ತಿಳಿಯಲಿಲ್ಲ. ಅಪ್ಪನ ಮೇಲೆ ಬರಬೇಕಾದ ಸಿಟ್ಟು ಅವನ ಮುಖ ನೋಡಿದ ಕೂಡಲೇ ಇಳಿದುಹೋಯಿತು. ಆ ಹುಡುಗಿಯ ಮೇಲೆ ಬಂತು, ಅತ್ತೆಯ ಮೇಲೆ ಬಂತು, ಇಷ್ಟು ದಿನ ಕಲ್ಲನ್ನು ಒಪ್ಪಿಕೊಂಡಿದ್ದ ನನ್ನ ಮೇಲೂ ಬಂತು. ಇನ್ನು ಅವ್ವ ಮತ್ತೆ ತಟ್ಟೆ ಬಿಟ್ಟು ಏಳುತ್ತಾಳೆ ಅಂತ ಹೆದರಿದೆ. ಗೂಡಿನಲ್ಲಿದ್ದದ್ದು ಅಕ್ಕನಲ್ಲ ಅಂದರೆ ಇಷ್ಟು ದಿನ ಅವ್ವನನ್ನು ಬದುಕಿಸಿದ್ದು ಯಾವುದು?

ಅವ್ವ ಅಳಲಿಲ್ಲ. ಗೂಡಿನ ಹತ್ತಿರ ಹೋಗಿ ಕಲ್ಲನ್ನು ನೋಡುತ್ತ ನಿಂತಳು. ಕರೆದವರು ನಾವು, ಯಾರೋ ಪಾಪ ಬಂದಿದ್ದಾರೆ, ಬಂದವರನ್ನು ಹಬ್ಬದ ದಿನ ಆಚೆ ಕಳಿಸುವುದು ಹೇಗೆ ಅಂದಳು. ಅಕ್ಕನ ಎಲೆಯ ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿಸಿದಳು. ಬಂದವರು ಗಂಡಸೋ ಹೆಂಗಸೋ ತಿಳಿಯದಲ್ಲ, ಅದಕ್ಕೇ ಅದರ ಮೇಲೆ ಬಳೆಯೂ ಇಟ್ಟಳು, ಬೀಡಿಯೂ ಇಟ್ಟಳು. ಎಡೆ ಇಟ್ಟು ಬಾಗಿಲು ಮುಂದೆ ಮಾಡಿ ನಾವೆಲ್ಲ ಜಗಲಿಯಲ್ಲಿ ಕೂತೆವು. ಒಳಗೆ ಬಂದವರು ಉಣ್ಣುವಷ್ಟು ಹೊತ್ತು ಮನೆಯವರು ಹೊರಗಿರಬೇಕು. ಅವ್ವ ನನ್ನ ಪಕ್ಕಕ್ಕೆ ಬಂದು ಕೂತಳು.

"ನೀನು ದಿನಾ ಅದೇ ದಾರೀಲಿ ಬತ್ತೀಯಲ್ಲ. ನಾಳೆ ಬರೋವಾಗ ನಿಮ್ಮಕ್ಕನ್ನ ಕರ್ಕಂಡ್ ಬಾ. ನಿನ್ ಕೈ ಹಿಡ್ಕಂಡ್ರೆ ಅವ್ಳು ದಾಟ್ತಾಳೆ," ಅಂದಳು.

ಬಸ್ಸು ಅಲ್ಲಿ ನಿಲ್ಲುವುದಿಲ್ಲ, ಡಿವೈಡರ್ ನಡುವೆ ಹೋಗಿ ಹಾಲು ಬಿಡಲು ಆಗುವುದಿಲ್ಲ ಅಂದೆ. ಹಾಲು ಬೇಡ, ಕಲ್ಲೂ ಬೇಡ, ಮನಸ್ಸಿನಲ್ಲೇ ಕರೆ ಅಂದಳು. ಆದರೆ ಕರೆದ ಮೇಲೆ ಹೊಸಿಲು ದಾಟುವ ತನಕ ಯಾರ ಜೊತೆಗೂ ಮಾತಾಡಬಾರದು, ಹಿಂದಕ್ಕೆ ತಿರುಗಿ ನೋಡಬಾರದು. ನಾನು ಇದನ್ನೆಲ್ಲ ನಂಬುವುದಿಲ್ಲ ಅಂತ ಹೇಳಿದೆ. ನಿನ್ನ ನಂಬಿಕೆ ಯಾರಿಗೆ ಬೇಕು, ನೀನು ಕರೆ ಸಾಕು ಅಂದಳು.

ಮರುದಿನ ಸಂಜೆ ಬಿಡದಿಯಲ್ಲಿ ಬಸ್ಸು ಹತ್ತಿ ಡಿವೈಡರ್ ಕಡೆಯ ಕಿಟಕಿಗೆ ಕೂತೆ. ಸೇತುವೆ ಬಂತು. ಡಿವೈಡರ್ ಮೇಲೆ ಆಗಷ್ಟೇ ನೆಟ್ಟಿದ್ದ ಕಣಗಿಲೆ ಗಿಡಗಳು ಧೂಳು ಹಿಡಿದು ನಿಂತಿದ್ದವು. ಎರಡು ಕಡೆಯೂ ಲಾರಿಗಳು ಒಂದರ ಹಿಂದೆ ಒಂದು. ಅಲ್ಲಿ ಯಾರು ನಿಂತಿದ್ದರೂ, ಎಂಥ ಧೈರ್ಯದವರಾದರೂ, ದಾಟಲು ಆಗುತ್ತಿರಲಿಲ್ಲ. ಬಾ ಅಕ್ಕ ಅಂದೆ, ತುಟಿಯಲ್ಲೇ. ಅವಳು ಸತ್ತ ಮೇಲೆ ನಾನು ಅಕ್ಕ ಅನ್ನುವ ಮಾತನ್ನು ಬಾಯಿಂದ ಆಡಿಯೇ ಇರಲಿಲ್ಲ ಅಂತ ಆಗ ಗೊತ್ತಾಯಿತು.

ಮುಂದೆ ಏನು ಮಾಡಬೇಕು ಅಂತ ಅವ್ವ ಹೇಳಿರಲಿಲ್ಲ. ಕಿಟಕಿ ಬಿಟ್ಟು ಈಚೆ ಸರಿದು ಕೂತೆ. ಕಿಟಕಿ ಅವಳಿಗೆ ಬೇಕು. ಮುಂದಿನ ಸ್ಟಾಪಿನಲ್ಲಿ ಮಲಗಿದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡ ಹೆಂಗಸೊಬ್ಬಳು ಹತ್ತಿ, ಒಸಿ ಒಳಕ್ಕೆ ಸರಿಯವ್ವ ಅಂದಳು. ಮಾತಾಡುವ ಹಾಗಿಲ್ಲ. ಸರಿಯುವ ಹಾಗೂ ಇಲ್ಲ. ಕಂಡಕ್ಟರ್ ಕೂಡ ಗದರಿದ. ಎಲ್ಲರೂ ನನ್ನನ್ನು ನೋಡುತ್ತಿದ್ದರು, ಯಾರೋ ಇವಳಿಗೆ ಕಿವಿ ಕೇಳಿಸಲ್ಲ ಅಂದರು. ಇದೆಂಥ ಹುಚ್ಚಿಗೆ ಬಿದ್ದೆ ಅಂತ ನಾಚಿಕೆಯಾಯಿತು. ಕೊನೆಗೆ ಎದ್ದು ನಿಂತೆ. ಆ ಹೆಂಗಸು ನನ್ನ ಜಾಗದಲ್ಲಿ ಕೂರದೆ ಸೀದಾ ಕಿಟಕಿಗೇ ಹೋಗಿ ಕೂತಳು. ಹಾಗಾದರೆ ಅಕ್ಕ ಎಲ್ಲಿ? ಎದ್ದಳೇ, ನನ್ನ ಹಿಂದೆ ನಿಂತಳೇ? ಬಸ್ಸಿನ ನೂಕುನುಗ್ಗಲಲ್ಲಿ ಬೆನ್ನಿಗೆ ಯಾರದೋ ಕೈ ತಾಗುತ್ತಲೇ ಇತ್ತು. ಯಾರದಾದರೂ ಆಗಿರಬಹುದು. ನಾನು ತಿರುಗಿ ನೋಡಲಿಲ್ಲ.

ರಾಮನಗರದಲ್ಲಿ ಇಳಿದು ನಮ್ಮೂರಿನ ಬಸ್ಸಿಗೆ ರಸ್ತೆ ದಾಟಬೇಕಿತ್ತು. ನಾನು ಎಂದಿನ ಹಾಗೆ ನುಗ್ಗಲಿಲ್ಲ. ಲಾರಿ ಹೋಗಲಿ ಅಂತ ನಿಂತೆ. ಅದರ ಹಿಂದೆ ಬಂದದ್ದೂ ಹೋಗಲಿ ಅಂತ ನಿಂತೆ. ಎಡಗೈಯನ್ನು ಒಂದು ಚೂರು ಹಿಂದಕ್ಕೆ ಮಾಡಿ ಹಿಡಿದಿದ್ದೆ. ರಸ್ತೆ ಪೂರ್ತಿ ಖಾಲಿಯಾದ ಮೇಲೆ ನಿಧಾನವಾಗಿ ದಾಟಿದೆ. ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಅಪಘಾತ ಆದ ಮೇಲೆ ಆವತ್ತೇ ಮೊದಲು ಎದೆಯ ಮೇಲಿನ ಭಾರ ಒಂದಿಷ್ಟು ಸರಿದ ಹಾಗಾದದ್ದು. ಅದು ಅಳು ಬಂದದ್ದಕ್ಕೋ, ಅವಳು ಬಂದದ್ದಕ್ಕೋ, ನನಗೆ ಈವತ್ತಿಗೂ ತೀರ್ಮಾನವಾಗಿಲ್ಲ. ತಿರುಗಿ ನೋಡಿದ್ದರೆ ಅಲ್ಲಿ ಏನೂ ಇರುತ್ತಿರಲಿಲ್ಲ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ನೋಡುವ ಆಸೆಯೂ ಇತ್ತು. ನೋಡಿದರೆ ಕಳೆದುಕೊಳ್ಳುತ್ತೇನೆ ಅನ್ನುವ ಭಯ ಇನ್ನೂ ದೊಡ್ಡದಿತ್ತು.

ಊರಿನ ಸ್ಟಾಪಿನಲ್ಲಿ ಇಳಿದು ಹಿಪ್ಪುನೇರಳೆ ತೋಟದ ಬದುವಿನ ಮೇಲೆ ನಡೆದು ಬಂದೆ. ಅಪ್ಪ ತೋಟದಲ್ಲಿದ್ದವನು ನನ್ನನ್ನು ನೋಡಿ ಏನೂ ಕೇಳದೆ, ದಾರಿ ಬಿಟ್ಟು ಕೆಳಗಿಳಿದು ನಿಂತ. ಮನೆಯ ಬಾಗಿಲಲ್ಲಿ ಅವ್ವ ಕಾಲಿಗೆ ಹಾಕಲು ನೀರಿನ ಚೊಂಬು ಹಿಡಿದು ಕಾಯುತ್ತಿದ್ದಳು. ಹೊಸಿಲಿನ ಆಚೆ ಅವಳು, ಈಚೆ ನಾನು.

"ಬಂದ್ಲಾ?" ಅಂದಳು.

ಹೊಸಿಲು ದಾಟದೆ ನಾನು ಉತ್ತರ ಹೇಳುವ ಹಾಗಿರಲಿಲ್ಲ. ನಾನು ಬಾಗಿಲಿನ ಒಂದು ಪಕ್ಕಕ್ಕೆ ಸರಿದೆ. ಇನ್ನೊಬ್ಬರು ನನ್ನನ್ನು ದಾಟಿ ಒಳಗೆ ಹೋಗುವಷ್ಟು ಜಾಗ ಬಿಟ್ಟು, ಗೋಡೆಗೆ ಒತ್ತಿಕೊಂಡು ನಿಂತೆ. ಅವ್ವ ನನ್ನ ಮುಖ ನೋಡಿದಳು, ಆ ಖಾಲಿ ಜಾಗ ನೋಡಿದಳು. ಆಮೇಲೆ ಬಗ್ಗಿ, ಮೊದಲು ಅಲ್ಲಿಗೆ ನೀರು ಹಾಕಿದಳು.